ಮನೆ ಕಂದಾಯದ ರಸೀದಿಯಿಂದ ಪಾಠ ಆರಂಭಿಸಿ

ಪ್ರಶ್ನೆ: ಎಂ.ಎಸ್.ಡಬ್ಲ್ಯೂ. (ಸಮಾಜಕಾರ್ಯ ಸ್ನಾತಕೋತ್ತರ) ತರಗತಿಗೆ ಪಾಠ ಮಾಡುತ್ತೇನೆ. ವಸತಿಹೀನರ ವಿಷಯ ಕಲಿಸಲೆಂದು ಕಳೆದ ವರ್ಷ ವಿದ್ಯಾರ್ಥಿಗಳನ್ನು ಒಂದು ರಾತ್ರಿ ರೈಲು ನಿಲ್ದಾಣದ ಬಳಿಗೆ ಕರೆದೊಯ್ದಿದ್ದೆ. ಕೆಲವರು ಅತ್ತರು, ಕೆಲವರು ಫೋಟೊ ತೆಗೆದರು; ಕಲಿತದ್ದೇನು ಎಂಬುದು ಮಾತ್ರ ನನಗೆ ತಿಳಿಯಲಿಲ್ಲ. ಈ ವರ್ಷ ಹೇಗೆ ಕಲಿಸಲಿ?
– ಉಪನ್ಯಾಸಕಿ, ದಾವಣಗೆರೆ

ಉತ್ತರ: ರಾತ್ರಿಯ ಭೇಟಿಯನ್ನು ಕೈಬಿಡಿ, ಮಲಗಿದವರ ಸುತ್ತ ಇಡೀ ತರಗತಿ ನಿಂತು ನೋಡುವುದು ಪಾಠವಲ್ಲ. ಬದಲಿಗೆ ವಿದ್ಯಾರ್ಥಿಗಳು ತಮ್ಮ ಮನೆಯ ಕಂದಾಯದ ರಸೀದಿಯನ್ನು ತರಲಿ, ಅದರಲ್ಲಿ ಭಿಕ್ಷುಕರ ಉಪಕರದ ಸಾಲನ್ನು ಹುಡುಕಲಿ. 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆಯಂತೆ ಸ್ಥಳೀಯ ಸಂಸ್ಥೆಗಳು ಆಸ್ತಿ ತೆರಿಗೆಯ ಮೇಲೆ ಶೇ 3ರಷ್ಟು ವಸೂಲು ಮಾಡುವ ಈ ಹಣದಿಂದಲೇ ಮುಖ್ಯವಾಗಿ, ಭಿಕ್ಷುಕರೆಂದು ಹಿಡಿದವರನ್ನು ಇರಿಸುವ ನಿರಾಶ್ರಿತರ ಪರಿಹಾರ ಕೇಂದ್ರಗಳು ನಡೆಯುತ್ತವೆ. ಮನೆಯುಳ್ಳವರು ಮನೆಯಿಲ್ಲದವರಿಗಾಗಿ ಕಟ್ಟುವ ಹಣವೆಂದು ಸಂತೋಷಪಡುವ ಮೊದಲು, ಅದೇ ಕಾಯ್ದೆ ಯಾರನ್ನು ಭಿಕ್ಷುಕ ಎನ್ನುತ್ತದೆಂಬುದನ್ನು ಓದಿಸಿ: ಕೈಚಾಚದಿದ್ದರೂ, ಕಣ್ಣಿಗೆ ಕಾಣುವ ಜೀವನಾಧಾರವಿಲ್ಲದೆ, ಭಿಕ್ಷೆಯಿಂದಲೇ ಬದುಕುತ್ತಿರಬಹುದೆನಿಸುವ ಸ್ಥಿತಿಯಲ್ಲಿ ಸಾರ್ವಜನಿಕ ಸ್ಥಳದಲ್ಲಿ ಅಲೆಯುವವನೂ ಅದರೊಳಗೆ ಬರುತ್ತಾನೆ. ಇದರ ಪಕ್ಕದಲ್ಲಿ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 100ನೇ ಸೆಕ್ಷನ್ ಇಡಿ. ಮಾನಸಿಕ ಕಾಯಿಲೆಯಿಂದ ತನ್ನನ್ನು ನೋಡಿಕೊಳ್ಳಲಾಗದೆ ಬೀದಿಯಲ್ಲಿ ಅಲೆಯುವವರನ್ನು ರಕ್ಷಣೆಗೆ ತೆಗೆದುಕೊಳ್ಳುವುದು ಠಾಣಾಧಿಕಾರಿಯ ಕರ್ತವ್ಯವೆಂದು ಅದು ಹೇಳುತ್ತದೆ. ಒಂದೇ ಜಗಲಿಯ ಮೇಲೆ ಕುಳಿತ ಒಬ್ಬನೇ ಮನುಷ್ಯ ಒಂದು ಕಾಯ್ದೆಗೆ ಹಿಡಿಯಬೇಕಾದವ, ಇನ್ನೊಂದಕ್ಕೆ ಕಾಯಬೇಕಾದವ. ಇದರ ಮೇಲೆ ಎರಡು ತರಗತಿ ಚರ್ಚೆ ನಡೆದರೂ ಹೆಚ್ಚಲ್ಲ.

ಲೆಕ್ಕವನ್ನೂ ಮಾಡಿಸಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನವು ನಗರದ ಪ್ರತಿ 1 ಲಕ್ಷ ಜನಸಂಖ್ಯೆಗೆ 100 ಮಂದಿ ತಂಗಬಲ್ಲ ಆಶ್ರಯ ಕೇಂದ್ರವನ್ನು ನಿಗದಿಪಡಿಸಿತ್ತು. ನಿಮ್ಮೂರಿನ ಜನಸಂಖ್ಯೆ 2011ರಲ್ಲೇ 4.3 ಲಕ್ಷ ದಾಟಿತ್ತು. ಆ ಲೆಕ್ಕಕ್ಕೆ ಬರಬೇಕಾದ ಕೇಂದ್ರಗಳು ಎಲ್ಲಿವೆ, ರಾತ್ರಿ ಹನ್ನೊಂದಕ್ಕೆ ಬಂದವರಿಗೆ ಬೀಗ ತೆಗೆಯುವವರು ಯಾರು, ಆಧಾರ್ ಇಲ್ಲದವರನ್ನು, ಮಗುವಿರುವ ದಂಪತಿಯನ್ನು ಒಳಗೆ ಬಿಡುತ್ತಾರೆಯೇ ಎಂಬುದನ್ನೆಲ್ಲ ವಿದ್ಯಾರ್ಥಿಗಳು ಪಾಲಿಕೆಯಲ್ಲಿ ವಿಚಾರಿಸಿ ಬರೆಯಲಿ. ಆನಂತರ ಇಬ್ಬಿಬ್ಬರಂತೆ, ಒಂದೇ ಕೇಂದ್ರಕ್ಕೆ, ವಾರವಾರವೂ ಹಗಲಿನಲ್ಲಿ ಹೋಗಲಿ. ಫೋನು ಚೀಲದಲ್ಲಿರಲಿ.

ಅತ್ತವರನ್ನು ಮೆತ್ತಗಿನ ಮನಸ್ಸಿನವರೆಂದು ತಳ್ಳಿಹಾಕಬೇಡಿ. ತಂದೆತಾಯಿ ಗುಳೆ ಹೋದ ಊರಿನಲ್ಲಿ, ಕಟ್ಟಡದ ಪಕ್ಕದ ತಗಡಿನ ಶೆಡ್ಡಿನಲ್ಲಿ ಬೆಳೆದವರು ನಿಮ್ಮ ತರಗತಿಯಲ್ಲೇ ಇರಬಹುದು. ಅಂಥವರನ್ನು ಎಲ್ಲರೆದುರು ನಿಲ್ಲಿಸಿ ಅನುಭವ ಹೇಳಿಸಬೇಡಿ. ತಾವಾಗಿ ಬಂದರೆ, ತರಗತಿ ಮುಗಿದ ಮೇಲೆ ಕೂರಿಸಿಕೊಂಡು ಕೇಳಿ.