ಕಾರಿನ ಟಕ್ ಟಕ್ ಶಬ್ದಕ್ಕೆ ಶೋರೂಂನವರು ‘ನಾರ್ಮಲ್’ ಅಂತ ಹೇಳಿ ಕಳಿಸಿದರೆ ಏನು ಮಾಡಬೇಕು?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ. ಸಿರುಗುಪ್ಪದಿಂದ ಬಳ್ಳಾರಿಗೆ ದಿನಾ ಓಡಾಡುವ ಕಾರು. ತಗೊಂಡು ಇನ್ನೂ ಎರಡು ವರ್ಷ ತುಂಬಿಲ್ಲ. ಮುಂದಿನ ಎಡಗಡೆ ಚಕ್ರದ ಹತ್ತಿರ ಟಕ್ ಟಕ್ ಅಂತ ಶಬ್ದ ಬರುತ್ತದೆ. ಶೋರೂಂಗೆ ಬಿಟ್ಟರೆ ವಾಟರ್ ವಾಶ್ ಮಾಡಿ, ‘ಏನೂ ಇಲ್ಲ ಸರ್, ಈ ಮಾಡೆಲ್ ಎಲ್ಲಾ ಹೀಗೇ’ ಅಂತ ವಾಪಸ್ ಕೊಡುತ್ತಾರೆ. ಹೊರಗಡೆ ಗ್ಯಾರೇಜಿನಲ್ಲಿ ಬಿಚ್ಚಿಸಿ ಮಾಡಿಸಿಬಿಡಲಾ ಅಂತ ಕೇಳಿದ್ದೀರಿ.

ಈಗಲೇ ಬಿಚ್ಚಿಸಬೇಡಿ. ವಾರಂಟಿ ಇರುವ ಗಾಡಿ ಅದು, ಆ ಹಕ್ಕು ನಿಮ್ಮದು. ಮೊದಲು ಎರಡು ಕೆಲಸ ಆಗಬೇಕು. ಶಬ್ದ ಯಾವಾಗ ಬರುತ್ತದೆ ಅಂತ ನೀವು ಸರಿಯಾಗಿ ಹಿಡಿಯಬೇಕು. ಆಮೇಲೆ ಅದನ್ನು ಅದೇ ಮಾತಿನಲ್ಲಿ ಜಾಬ್ ಕಾರ್ಡ್‌ನಲ್ಲಿ, ಅಂದರೆ ಗಾಡಿ ಬಿಡುವಾಗ ಶೋರೂಂನವರು ನಿಮ್ಮ ದೂರು ಬರೆದುಕೊಳ್ಳುವ ಕಾಗದದಲ್ಲಿ, ಬರೆಸಬೇಕು. ಇವೆರಡೂ ಆಗದೆ ಎಷ್ಟು ಸಲ ಶೋರೂಂಗೆ ಹೋದರೂ ಗಾಡಿ ತೊಳೆಸಿಕೊಂಡು ಬಂದಷ್ಟೇ ಆಗುತ್ತದೆ.

ನಾನು ಬಳ್ಳಾರಿಯವನು. ಕೆಲಸಕ್ಕೆ ಸಂಡೂರಿನ ಕಡೆ ಓಡಾಟ. ಕುಡಿತಿನಿ, ತೋರಣಗಲ್ಲು ದಾಟಿ ಅದಿರಿನ ಟಿಪ್ಪರ್‌ಗಳ ಹಿಂದೆ ಗಾಡಿ ಓಡಿಸಿದವರಿಗೆ ಆ ರಸ್ತೆ, ಆ ಕೆಂಪು ಧೂಳು ಗೊತ್ತೇ ಇರುತ್ತದೆ. ನನ್ನ ಕಾರಿಗೂ ನಿಮ್ಮದೇ ತರಹದ ಶಬ್ದ ಬಂದಿತ್ತು. ಹೈವೇನಲ್ಲಿ ಇಲ್ಲ, ದೊಡ್ಡ ಹಂಪ್ಸ್ ಹತ್ತಿಸಿದರೂ ಇಲ್ಲ. ಕಿತ್ತುಹೋದ ಡಾಂಬರಿನ ಮೇಲೆ 20–30ರ ಸ್ಪೀಡಿನಲ್ಲಿ ಹೋದರೆ ಮಾತ್ರ ಟಕ ಟಕ. ಶೋರೂಂನವರು ‘ಸ್ಕ್ಯಾನ್ ಮಾಡಿದ್ವಿ, ಕಂಪ್ಯೂಟರ್‌ನಲ್ಲಿ ಏನೂ ಬಂದಿಲ್ಲ’ ಅಂದರು. ನನಗೆ ಜಾಸ್ತಿ ಸಿಟ್ಟು ಬಂದಿದ್ದು ಈ ಮಾತಿಗೆ. ಸ್ಕ್ಯಾನರ್‌ಗೆ ಗೊತ್ತಾಗುವುದು ಸೆನ್ಸರ್ ಇರುವ ಭಾಗಗಳ ವಿಷಯ ಮಾತ್ರ. ಇಂಜಿನ್, ಎಬಿಎಸ್ (ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಜಾಮ್ ಆಗದ ಹಾಗೆ ನೋಡಿಕೊಳ್ಳುವ ವ್ಯವಸ್ಥೆ), ಏರ್‌ಬ್ಯಾಗ್ ಹೀಗೆ. ಕಬ್ಬಿಣದ ಭಾಗಗಳ ಮಧ್ಯೆ ಕೂರುವ ರಬ್ಬರ್ ಬುಷ್ ಹರಿದಿದ್ದರೆ, ಎಲ್ಲ ಕಡೆಗೂ ಹೊರಳುವ ಗುಂಡನೆ ಕೀಲು, ಅಂದರೆ ಬಾಲ್ ಜಾಯಿಂಟ್, ಲೂಸ್ ಆಗಿದ್ದರೆ ಅದು ಹೇಳುವುದಿಲ್ಲ. ಅದನ್ನು ಮನುಷ್ಯನೇ ಕೈಯಿಂದ ಅಲ್ಲಾಡಿಸಿ ನೋಡಬೇಕು.

ಅವರಿಗೆ ಶಬ್ದ ಕೇಳಿಸದೇ ಇರುವುದಕ್ಕೆ ಕಾರಣವೂ ಇದೆ. ವರ್ಕ್‌ಶಾಪಿನ ನೆಲ ನುಣುಪು. ಟ್ರಯಲ್ ನೋಡುವುದು ಶೋರೂಂ ಮುಂದಿನ ಒಳ್ಳೆ ರಸ್ತೆಯಲ್ಲಿ ಒಂದು ಸುತ್ತು. ನಿಮ್ಮ ಶಬ್ದ ಇರುವುದು ಸಿರುಗುಪ್ಪ ರಸ್ತೆಯ ತಗ್ಗುಗಳಲ್ಲಿ. ಅದೂ ಅಲ್ಲದೆ ನಿಮ್ಮ ಹತ್ತಿರ ಮಾತಾಡುವ ಸರ್ವೀಸ್ ಅಡ್ವೈಸರ್ ಬೇರೆ, ಗಾಡಿ ಮುಟ್ಟುವ ಟೆಕ್ನಿಷಿಯನ್ ಬೇರೆ. ನೀವು ಐದು ನಿಮಿಷ ವಿವರಿಸಿದ್ದು ಅವನಿಗೆ ತಲುಪುವಷ್ಟರಲ್ಲಿ ‘ಮುಂದೆ ಶಬ್ದ, ಚೆಕ್ ಮಾಡಿ’ ಅಂತ ಒಂದು ಸಾಲು ಆಗಿರುತ್ತದೆ. ಆ ಸಾಲಿನಿಂದ ಅವನಾದರೂ ಏನು ಹುಡುಕಬೇಕು?

ಹಾಗಾಗಿ ಮೊದಲು ನೀವೇ ಹುಡುಕಿ. ಡಿಕ್ಕಿ ಪೂರ್ತಿ ಖಾಲಿ ಮಾಡಿ. ಜ್ಯಾಕ್, ಸ್ಪಾನರ್, ಸ್ಟೆಪ್ನಿ ಗಟ್ಟಿಯಾಗಿ ಕೂತಿವೆಯಾ ನೋಡಿ. ಬಾಗಿಲಿನ ಜೇಬಿನಲ್ಲಿರುವ ಬಾಟಲಿ, ಡ್ಯಾಶ್‌ಬೋರ್ಡ್ ಡಬ್ಬಿಯಲ್ಲಿರುವ ಚಿಲ್ಲರೆ ಎಲ್ಲ ತೆಗೆಯಿರಿ. ಇತ್ತೀಚೆಗೆ ಪಂಕ್ಚರ್ ಹಾಕಿಸಿದ್ದರೆ ಮರೆಯದೆ ವೀಲ್ ನಟ್‌ಗಳನ್ನು ಚೆಕ್ ಮಾಡಿ. ನಟ್ ಲೂಸ್ ಇದ್ದರೂ ನಿಧಾನ ಸ್ಪೀಡಿನಲ್ಲಿ ಇಂಥದೇ ಶಬ್ದ ಬರುತ್ತದೆ, ಚಕ್ರವೇ ಕಳಚುವ ಅಪಾಯ ಅದು.

ಆಮೇಲೆ ಎಸಿ, ಹಾಡು ಎರಡೂ ಬಂದ್ ಮಾಡಿ, ಗಾಜು ಇಳಿಸಿ, ಉದ್ದನೆ ಕಾಂಪೌಂಡ್ ಗೋಡೆ ಪಕ್ಕದಲ್ಲಿ ನಿಧಾನಕ್ಕೆ ಓಡಿಸಿ. ಗೋಡೆಗೆ ಬಡಿದು ಶಬ್ದ ವಾಪಸ್ ಬರುವುದರಿಂದ ಚೆನ್ನಾಗಿ ಕೇಳಿಸುತ್ತದೆ. ಮನೆಯವರ್ಯಾರಾದರೂ ಓಡಿಸಿ, ನೀವು ಎಡಗಡೆ ಸೀಟಿನಲ್ಲಿ ಕೂತರೆ ಇನ್ನೂ ಒಳ್ಳೆಯದು. ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ. ವಿಡಿಯೋದಲ್ಲಿ ಸ್ಪೀಡೋಮೀಟರ್ ಕಾಣುವ ಹಾಗೆ ಇರಲಿ.

ಶಬ್ದ ಯಾವಾಗ ಬರುತ್ತೆ ಅನ್ನುವುದರಲ್ಲೇ ಅರ್ಧ ಉತ್ತರ ಸಿಗುತ್ತದೆ. ಸಣ್ಣ ಸಣ್ಣ ತಗ್ಗಿನ ಮೇಲೆ ನಿಧಾನಕ್ಕೆ ಹೋಗುವಾಗ ಮಾತ್ರ ಟಕ್ ಟಕ್ ಬಂದರೆ ಮೊದಲ ಅನುಮಾನ ಸ್ಟೆಬಿಲೈಸರ್ ಲಿಂಕ್ ರಾಡ್ ಮೇಲೆ. ಕಾರು ತಿರುವಿನಲ್ಲಿ ಒಂದು ಕಡೆ ಜಾಸ್ತಿ ವಾಲದ ಹಾಗೆ ಹಿಡಿಯುವ ಕಬ್ಬಿಣದ ಬಾರ್ ಇರುತ್ತದಲ್ಲ, ಅದನ್ನು ಸಸ್ಪೆನ್ಷನ್‌ಗೆ (ಚಕ್ರದ ಕುಲುಕಾಟ ತಡೆಯುವ ಭಾಗಗಳಿಗೆ) ಜೋಡಿಸುವ ಸಣ್ಣ ಕಡ್ಡಿ ಇದು. ಎರಡೂ ತುದಿಯಲ್ಲಿ ಬಾಲ್ ಜಾಯಿಂಟ್, ಅದರ ಮೇಲೆ ರಬ್ಬರ್ ಬೂಟ್. ಬೂಟ್ ಹರಿದರೆ ಗ್ರೀಸ್ ಹೋಗಿ ಧೂಳು ಸೇರುತ್ತದೆ, ಜಾಯಿಂಟ್ ಸವೆದು ಪ್ಲೇ, ಅಂದರೆ ಸಡಿಲ, ಬರುತ್ತದೆ. ನಮ್ಮ ಕಡೆ ಧೂಳಿಗೆ ಬರ ಇಲ್ಲ, ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ರಬ್ಬರ್ ಬೇಗ ಗಟ್ಟಿಯಾಗಿ ಬಿರುಕು ಬಿಡುತ್ತದೆ. ಲಿಫ್ಟ್ ಮೇಲೆ ಚಕ್ರ ಜೋತು ಬಿದ್ದಾಗ ಈ ಸಣ್ಣ ಪ್ಲೇ ಗೊತ್ತಾಗದೇ ಹೋಗಬಹುದು. ಚಕ್ರ ನೆಲದ ಮೇಲೆ ಇರುವಾಗಲೇ ಕಡ್ಡಿ ಹಿಡಿದು ಜೋರಾಗಿ ಅಲ್ಲಾಡಿಸಲು ಹೇಳಿ. ನನ್ನ ಗಾಡಿಯದು ಸಿಕ್ಕಿದ್ದು ಹೀಗೇ.

ನಿಂತಲ್ಲೇ ಸ್ಟೀರಿಂಗ್ ತಿರುಗಿಸಿದಾಗ ಕಟಕ್ ಅಂದರೆ ಸ್ಟ್ರಟ್ ಮೌಂಟ್ (ಮುಂದಿನ ಶಾಕ್ ಅಬ್ಸಾರ್ಬರ್ ಮೇಲ್ತುದಿ ಬಾಡಿಗೆ ಕೂರುವ ಜಾಗ) ಅಥವಾ ಅದರ ಬೇರಿಂಗ್ ನೋಡಿಸಿ. ಸ್ಟೀರಿಂಗ್ ಪೂರ್ತಿ ತಿರುಗಿಸಿ ಮುಂದೆ ಹೋಗುವಾಗ ಕಟ ಕಟ ಅಂತ ಸತತವಾಗಿ ಬಂದರೆ ಆಕ್ಸೆಲ್‌ನ ಹೊರಗಡೆ ಜಾಯಿಂಟ್ ಇರಬಹುದು. ಬ್ರೇಕ್ ಒತ್ತಿದ ಕ್ಷಣ, ಬಿಟ್ಟ ಕ್ಷಣ ಮಾತ್ರ ಧಡ್ ಅಂದರೆ ಲೋಯರ್ ಆರ್ಮ್ (ಚಕ್ರವನ್ನು ಕೆಳಗಡೆಯಿಂದ ಹಿಡಿಯುವ ತೋಳು) ಬುಷ್ ಮೇಲೆ ಅನುಮಾನ. ಸ್ಪೀಡ್ ಏರಿದ ಹಾಗೆ ಗುಂಯ್ ಅನ್ನುವುದೂ ಏರುತ್ತಾ, ಸ್ಟೀರಿಂಗ್ ಸ್ವಲ್ಪ ಆಚೀಚೆ ಮಾಡಿದಾಗ ಬದಲಾದರೆ ವೀಲ್ ಬೇರಿಂಗ್. ಇದ್ದಕ್ಕಿದ್ದಂತೆ ಜೋರಾಗಿ ಕರ್ರ್ ಅಂತ ತಗಡು ಉಜ್ಜಿದ ಶಬ್ದ ಶುರುವಾದರೆ ಗಾಬರಿ ಬೇಡ. ಬ್ರೇಕ್ ಡಿಸ್ಕ್ ಮತ್ತು ಅದರ ಹಿಂದಿನ ತಗಡಿನ ಮಧ್ಯೆ ಕಲ್ಲು ಸಿಕ್ಕಿಕೊಂಡಿರುವುದು ಅದಿರಿನ ಚೂರು ಬಿದ್ದ ರಸ್ತೆಗಳಲ್ಲಿ ಮಾಮೂಲು. ಸ್ವಲ್ಪ ರಿವರ್ಸ್ ಹೋದರೆ ಎಷ್ಟೋ ಸಲ ತಾನೇ ಬಿದ್ದುಹೋಗುತ್ತದೆ.

ಶೋರೂಂನವರು ಹೇಳುವ ‘ನಾರ್ಮಲ್’ ಎಲ್ಲವೂ ಸುಳ್ಳಲ್ಲ, ಅದನ್ನೂ ಹೇಳಬೇಕು. ಇಗ್ನಿಷನ್ ಆನ್ ಮಾಡಿದಾಗ ಹಿಂದೆ ಒಂದೆರಡು ಸೆಕೆಂಡ್ ಝುಂಯ್ ಅನ್ನುವುದು ಪೆಟ್ರೋಲ್ ಪಂಪ್. ಗಾಡಿ ಹೊರಟ ಸ್ವಲ್ಪ ಹೊತ್ತಿಗೆ ಮುಂದೆ ಒಂದೇ ಸಲ ಟಕ್ ಅಂದು ಸುಮ್ಮನಾದರೆ, ಎಷ್ಟೋ ಕಾರುಗಳಲ್ಲಿ ಅದು ಎಬಿಎಸ್ ತನ್ನನ್ನು ತಾನೇ ಪರೀಕ್ಷೆ ಮಾಡಿಕೊಳ್ಳುವುದು. ಆಫ್ ಮಾಡಿದ ಮೇಲೆ ಟಿಕ್ ಟಿಕ್ ಅನ್ನುವುದು ಸೈಲೆನ್ಸರ್ ಪೈಪ್ ತಣ್ಣಗಾಗುವ ಶಬ್ದ. ಗಾಡಿ ತೊಳೆದ ಮಾರನೆ ದಿನ ಮೊದಲ ಕೆಲವು ಬ್ರೇಕ್‌ಗೆ ಉಜ್ಜಿದ ಹಾಗೆ ಕೇಳಿದರೆ ಡಿಸ್ಕ್ ಮೇಲಿನ ತುಕ್ಕು. ಇವಕ್ಕೆಲ್ಲ ಜಗಳ ಬೇಡ.

ಆದರೆ ಕೆಲವು ಶಬ್ದ ಬಂದರೆ ಗಾಡಿ ಓಡಿಸಲೇಬೇಡಿ. ಬ್ರೇಕ್ ಹಾಕಿದಾಗಲೆಲ್ಲ ಕಬ್ಬಿಣಕ್ಕೆ ಕಬ್ಬಿಣ ಉಜ್ಜುವುದು, ಶಬ್ದದ ಜೊತೆ ಸ್ಟೀರಿಂಗ್ ಬಿಗಿಯಾಗುವುದು ಅಥವಾ ಚಕ್ರ ಅಲ್ಲಾಡುವುದು, ಇಂಜಿನ್ ಬಡಿತದ ಜೊತೆ ಆಯಿಲ್‌ನ ಕೆಂಪು ಲೈಟ್ ಹತ್ತುವುದು. ಅಲ್ಲೇ ಪಕ್ಕಕ್ಕೆ ನಿಲ್ಲಿಸಿ ಕಂಪನಿಯ ರೋಡ್‌ಸೈಡ್ ಅಸಿಸ್ಟೆನ್ಸ್‌ಗೆ ಫೋನ್ ಮಾಡಿ. ಹೇಗೋ ಬಳ್ಳಾರಿ ಮುಟ್ಟಿಸೋಣ ಅಂತ ಹೋಗಬೇಡಿ.

ಈಗ ಶೋರೂಂ ವಿಷಯ. ಭಾನುವಾರದ ಮಾರನೆ ದಿನ, ಹಬ್ಬದ ಹಿಂದಿನ ದಿನ ಹೋಗಬೇಡಿ, ರಶ್ ಇರುತ್ತದೆ. ವಾರದ ಮಧ್ಯೆ ಅಪಾಯಿಂಟ್‌ಮೆಂಟ್ ತಗೊಳ್ಳಿ. ಸರ್ವೀಸ್ ಜೊತೆ ಸೇರಿಸದೆ ಈ ಶಬ್ದಕ್ಕೇ ಅಂತ ಹೋಗಿ. ಜಾಬ್ ಕಾರ್ಡ್‌ನಲ್ಲಿ ಹೀಗೆ ಬರೆಸಿ: ‘ಕಿತ್ತ ರಸ್ತೆಯಲ್ಲಿ 20–30 ಸ್ಪೀಡಿನಲ್ಲಿ ಮುಂದಿನ ಎಡಗಡೆ ಟಕ್ ಟಕ್ ಶಬ್ದ, ಬ್ರೇಕ್ ಹಿಡಿದರೂ ಬರುತ್ತದೆ, ಹೈವೇನಲ್ಲಿ ಇಲ್ಲ.’ ನಿಮ್ಮ ಗಾಡಿಯಲ್ಲಿ ಹೇಗೆ ಬರುತ್ತೋ ಹಾಗೆ. ಬರೆದದ್ದನ್ನು ಓದದೆ ಸಹಿ ಹಾಕಬೇಡಿ. ‘ಜನರಲ್ ಚೆಕಪ್’ ಅಂತ ಬರೆದಿದ್ದರೆ ಅಲ್ಲೇ ತಿದ್ದಿಸಿ. ಒಂದು ಪ್ರತಿ ನಿಮ್ಮ ಹತ್ತಿರ ಇರಲಿ.

ಕೀ ಕೊಟ್ಟು ಬರಬೇಡಿ. ‘ಟೆಕ್ನಿಷಿಯನ್ ನನ್ನ ಜೊತೆ ಬರಲಿ, ಶಬ್ದ ಬರುವ ಕಡೆ ನಾನೇ ಕರಕೊಂಡು ಹೋಗ್ತೀನಿ’ ಅಂತ ಕೇಳಿ. ಬಳ್ಳಾರಿಯಲ್ಲಿ ಅಂಥ ರಸ್ತೆಗಾಗಿ ದೂರ ಹೋಗಬೇಕಿಲ್ಲ. ಬಹಳ ಸಲ ಅಡ್ವೈಸರ್‌ಗಿಂತ ಕೆಳಗೆ ಕೆಲಸ ಮಾಡುವ ಹುಡುಗರಿಗೇ ವಿಷಯ ಬೇಗ ಗೊತ್ತಾಗುತ್ತದೆ. ನನ್ನ ಜೊತೆ ಬಂದ ಹುಡುಗ ಮೊದಲ ತಗ್ಗಿನಲ್ಲೇ ‘ಅಣ್ಣಾ, ಲಿಂಕ್ ರಾಡ್ ಇರಬೇಕು’ ಅಂದ. ಅವನು ಹೇಳಿದ್ದೇ ಸರಿಯಾಯಿತು, ವಾರಂಟಿಯಲ್ಲಿ ಬದಲಾಯಿಸಿದರು. ಅದೇ ಶೋರೂಂ, ಅದೇ ಗಾಡಿ.

ಆಮೇಲೂ ‘ಎಲ್ಲಾ ಗಾಡಿ ಹೀಗೇ’ ಅಂದರೆ, ಅವರ ಡೆಮೋ ಕಾರನ್ನು ಅದೇ ರಸ್ತೆಯಲ್ಲಿ ಓಡಿಸಿ ತೋರಿಸಿ ಅನ್ನಿ. ಅದರಲ್ಲೂ ಬಂದರೆ ನಿಮ್ಮ ಅನುಮಾನ ತೀರಿತು. ಬರಲಿಲ್ಲ ಅಂದರೆ ಅವರ ಮಾತು ಬಿದ್ದುಹೋಯಿತು. ‘ತಪಾಸಣೆ ಮಾಡಿದೆವು, ಈ ಶಬ್ದ ನಾರ್ಮಲ್’ ಅಂತ ಇನ್‌ವಾಯ್ಸ್ ಮೇಲೆ ಬರೆದು ಕೊಡಿ ಅಂತ ಕೇಳುವುದಂತೂ ಬಿಡಬೇಡಿ. ವಾರಂಟಿ ಮುಗಿದ ಮೇಲೆ ಅದೇ ಭಾಗ ಹೋದರೆ, ಈ ದೂರು ವಾರಂಟಿ ಒಳಗೇ ಇತ್ತು ಅಂತ ತೋರಿಸುವುದು ಆ ಕಾಗದ. ನಿಮ್ಮ ಹಳೇ ಜಾಬ್ ಕಾರ್ಡ್‌ಗಳನ್ನೂ ಇವತ್ತೇ ಹುಡುಕಿ ಫೋಟೋ ತೆಗೆದಿಡಿ. ಆ ಬಿಲ್ ಕಾಗದದ ಅಕ್ಷರ ಬಹಳ ದಿನ ಉಳಿಯುವುದಿಲ್ಲ.

ಅಲ್ಲೂ ಆಗಲಿಲ್ಲವಾ? ಸರ್ವೀಸ್ ಮ್ಯಾನೇಜರ್‌ಗೆ ಇ-ಮೇಲ್ ಹಾಕಿ, ಕಂಪನಿಯ ಕಸ್ಟಮರ್ ಕೇರ್‌ಗೂ ಪ್ರತಿ ಹೋಗಲಿ. ಗಾಡಿ ನಂಬರ್, ಚಾಸಿ ನಂಬರ್, ಎಷ್ಟು ಕಿಲೋಮೀಟರ್ ಓಡಿದೆ, ಹೋಗಿ ಬಂದ ತಾರೀಖುಗಳು, ವಿಡಿಯೋ, ಇಷ್ಟಿದ್ದರೆ ಸಾಕು. ಬೈಗುಳ ಬೇಡ. ದೂರಿನ ನಂಬರ್ ತಪ್ಪದೆ ಪಡೆಯಿರಿ. ಕಂಪನಿಯ ಏರಿಯಾ ಸರ್ವೀಸ್ ಮ್ಯಾನೇಜರ್ ಶೋರೂಂಗೆ ಬರುವ ದಿನ ನನ್ನ ಗಾಡಿ ನೋಡಲಿ ಅಂತ ಕೇಳಿಕೊಳ್ಳಿ. ಶೋರೂಂನವರು ಕಂಪನಿಯ ಮಾತಿಗೆ ಬೆಲೆ ಕೊಡುತ್ತಾರೆ, ಯಾಕೆಂದರೆ ವಾರಂಟಿ ಕೆಲಸದ ದುಡ್ಡು ಬರುವುದು ಅಲ್ಲಿಂದ.

ಅದರ ಮೇಲಿನ ಹೆಜ್ಜೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, 1915. ಕರೆಗೆ ದುಡ್ಡಿಲ್ಲ. ಅವರು ತೀರ್ಪು ಕೊಡುವುದಿಲ್ಲ, ಕಂಪನಿಗೆ ದೂರು ಕಳಿಸಿ ಉತ್ತರ ಕೇಳುತ್ತಾರೆ. ಎಷ್ಟೋ ಸಲ ಅಷ್ಟಕ್ಕೇ ಕೆಲಸ ಆಗುತ್ತದೆ. ಕೊನೆಯ ದಾರಿ ಜಿಲ್ಲಾ ಗ್ರಾಹಕರ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನೀವು ವಾಸ ಇರುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಕಾರು ಬೆಂಗಳೂರಿನಲ್ಲಿ ತಗೊಂಡಿದ್ದರೂ ಬಳ್ಳಾರಿಯಲ್ಲೇ ಆಗುತ್ತದೆ. ಕೊಟ್ಟ ಬೆಲೆ 50 ಲಕ್ಷದ ಒಳಗಿದ್ದರೆ ಜಿಲ್ಲಾ ಆಯೋಗವೇ ಸಾಕು, ಶುಲ್ಕವೂ ಕಡಿಮೆ. ವಕೀಲರು ಇರಲೇಬೇಕು ಅಂತಿಲ್ಲ. ಆದರೆ ತೊಂದರೆ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಹಾಕಬೇಕು. ಆ ತಾರೀಖಿಗೂ ನಿಮ್ಮ ಮೊದಲ ಜಾಬ್ ಕಾರ್ಡೇ ಸಾಕ್ಷಿ. ಒಂದು ಲಿಂಕ್ ರಾಡ್‌ಗೋಸ್ಕರ ಅಲ್ಲಿವರೆಗೆ ಹೋಗಿ ಅಂತ ನಾನು ಹೇಳುವುದಿಲ್ಲ. ಗೇರ್‌ಬಾಕ್ಸ್, ಇಂಜಿನ್, ಸ್ಟೀರಿಂಗ್ ಅಂಥ ದೊಡ್ಡ ಭಾಗದ ಶಬ್ದವನ್ನು ತಳ್ಳಿಹಾಕುತ್ತಿದ್ದರೆ ಹಿಂದೆಮುಂದೆ ನೋಡಬೇಡಿ.

ಹೊರಗಿನ ಗ್ಯಾರೇಜ್ ಬಗ್ಗೆ ಕೇಳಿದಿರಲ್ಲ. ತೋರಿಸುವುದಕ್ಕೆ ಖಂಡಿತ ಹೋಗಿ. ಬಳ್ಳಾರಿಯ ಕೌಲ್ ಬಜಾರ್ ಕಡೆ, ಸಿರುಗುಪ್ಪದಲ್ಲೂ, ಸಸ್ಪೆನ್ಷನ್ ಕೆಲಸವನ್ನೇ ವರ್ಷಗಟ್ಟಲೆ ಮಾಡಿದ ಮೇಸ್ತ್ರಿಗಳಿದ್ದಾರೆ, ಕಿವಿಯಿಂದಲೇ ಹೇಳುತ್ತಾರೆ. ನೋಡಿದ ಕೂಲಿ ಕೊಟ್ಟು, ಯಾವ ಭಾಗ ಅಂತ ಕೇಳಿಕೊಂಡು ಬನ್ನಿ. ಬಿಚ್ಚುವುದು, ಬೇರೆ ಪಾರ್ಟ್ ಹಾಕುವುದು ಮಾತ್ರ ಬೇಡ. ಆಮೇಲೆ ಅದೇ ಜಾಗದಲ್ಲಿ ಏನಾದರೂ ಹೋದರೆ ‘ಹೊರಗಡೆ ಕೈ ಹಾಕಿಸಿದ್ದೀರಿ’ ಅಂತ ವಾರಂಟಿ ನಿರಾಕರಿಸಲು ಅವರಿಗೆ ಒಂದು ಕಾರಣ ಸಿಗುತ್ತದೆ. ಶೋರೂಂನಲ್ಲೂ ‘ಮೇಸ್ತ್ರಿ ಹೇಳಿದ’ ಅನ್ನಬೇಡಿ. ‘ಲಿಂಕ್ ರಾಡ್‌ನಲ್ಲಿ ಪ್ಲೇ ಇದೆಯಾ ಅಂತ ನನ್ನೆದುರಿಗೇ ನೋಡಿ’ ಅಂತ ಮಾತ್ರ ಕೇಳಿ. ವಾರಂಟಿ ಪುಸ್ತಕದ ಕೊನೆ ಪುಟಗಳನ್ನೂ ಓದಿಕೊಂಡು ಹೋಗಿ. ಬ್ರೇಕ್ ಪ್ಯಾಡ್, ಕ್ಲಚ್, ವೈಪರ್ ಸವೆಯುವ ವಸ್ತು ಅಂತ ಸಾಮಾನ್ಯವಾಗಿ ಬಿಟ್ಟಿರುತ್ತಾರೆ. ಕೆಲವು ಕಂಪನಿಗಳು ರಬ್ಬರ್ ಬುಷ್‌ಗಳಿಗೆ ಕಡಿಮೆ ಅವಧಿ ಇಟ್ಟಿರುತ್ತವೆ. ನಿಮ್ಮದು ಎರಡು ವರ್ಷದ ಹತ್ತಿರ ಬಂದಿರುವುದರಿಂದ ಆ ತಾರೀಖನ್ನು ಮೊದಲು ನೋಡಿ, ಅದಕ್ಕೂ ಮುಂಚೆಯೇ ಹೊಸ ಜಾಬ್ ಕಾರ್ಡ್ ಮಾಡಿಸಿ.