ಗಿಟಾರ್ ಫಿಂಗರ್‌ಬೋರ್ಡ್‌ಗೆ ಬೀಟೆ, ಎಬೊನಿ ಬಿಟ್ಟರೆ ಯಾವ ಮರ ಹಾಕಬಹುದು?

ಮೊದಲ ಸಲ ಗಿಟಾರ್ ಮಾಡ್ತಿದ್ದೀರಿ, ಬೀಟೆ (ರೋಸ್‌ವುಡ್), ಎಬೊನಿ ಎರಡೂ ಕೈಗೆಟುಕುತ್ತಿಲ್ಲ, ಫಿಂಗರ್‌ಬೋರ್ಡ್‌ಗೆ, ಅಂದರೆ ತಂತಿ ಒತ್ತೋ ಪಟ್ಟಿಗೆ, ಬೇರೆ ಮರ ಹಾಕಿದರೆ ಸೌಂಡ್ ಕೆಡುತ್ತಾ ಅಂತ ಕೇಳಿದ್ದೀರಿ. ನನ್ನ ಉತ್ತರ ಮತ್ತಿ. ನಮ್ಮ ಕರಿಮತ್ತಿ.

ನಗಬೇಡಿ. ಫೆಂಡರ್ ಕಂಪನಿಯ ಅಗ್ಗದ ಬ್ರ್ಯಾಂಡ್ ಸ್ಕ್ವೈಯರ್ ಗಿಟಾರ್‌ಗಳ ವಿವರದಲ್ಲಿ 'ಇಂಡಿಯನ್ ಲಾರೆಲ್' ಅಂತ ಇರುತ್ತಲ್ಲ, ಅದು ಇದೇ ಮರ. ತೊಗಟೆ ಮೊಸಳೆ ಚರ್ಮದ ಹಾಗೆ ಒಡೆದಿರುತ್ತೆ, ಪಶ್ಚಿಮ ಘಟ್ಟದ ಕಡೆಯವರಾಗಿದ್ದರೆ ನೋಡೇ ಇರ್ತೀರಿ. ಗಟ್ಟಿತನದಲ್ಲಿ ಬೀಟೆಯ ಆಸುಪಾಸು. ಮರದ ಗಟ್ಟಿತನ ಹೇಳೋ ಜಾಂಕಾ ಅಳತೆಯಲ್ಲಿ ಬೀಟೆ ಸುಮಾರು 2,400, ಆಫ್ರಿಕದ ಎಬೊನಿ 3,000ದ ಹತ್ತಿರ, ಎಲ್ಲರೂ ಒಪ್ಪಿಕೊಂಡಿರುವ ಮೇಪಲ್ ಬರೀ 1,450. ಮೇಪಲ್ ನಡೆಯುತ್ತೆ ಅಂದಮೇಲೆ ಮತ್ತಿಗೆ ಏನು ತೊಂದರೆ? ಒಂದು ಮಾತು, ಡಿಪೋದಲ್ಲಿ 'ಮತ್ತಿ' ಅಂತಷ್ಟೇ ಕೇಳಬೇಡಿ. ಹೊಳೆಮತ್ತಿ ಬೇರೆ ಜಾತಿ.

ಈ ಬದಲಿ ಮರಗಳ ಗಲಾಟೆ ಜೋರಾಗಿದ್ದು 2017ರಲ್ಲಿ. ಬ್ರೆಜಿಲ್‌ನ ಬೀಟೆಯ ವ್ಯಾಪಾರಕ್ಕೆ 1992ರಿಂದಲೇ ಸೈಟಿಸ್ (ಅಪಾಯದಲ್ಲಿರೋ ಗಿಡ, ಪ್ರಾಣಿಗಳ ವ್ಯಾಪಾರಕ್ಕೆ ಕಡಿವಾಣ ಹಾಕೋ ಅಂತರರಾಷ್ಟ್ರೀಯ ಒಪ್ಪಂದ) ತಡೆ ಇತ್ತು. 2017ರ ಜನವರಿಯಲ್ಲಿ ಡಾಲ್ಬರ್ಜಿಯಾ ಕುಲದ ಉಳಿದ ಮರಗಳೆಲ್ಲ, ಅಂದರೆ ನಮ್ಮ ಬೀಟೆಯೂ ಸೇರಿ, ಸೈಟಿಸ್ ಪಟ್ಟಿಗೆ ಬಂದವು, ಮಾರಾಟಕ್ಕೆ ಗಡಿ ದಾಟುವ ಬೀಟೆಯ ಗಿಟಾರಿಗೆಲ್ಲ ಕಾಗದಪತ್ರದ ತಲೆನೋವು ಶುರುವಾಯ್ತು. ಫೆಂಡರ್ ತನ್ನ ಮೆಕ್ಸಿಕೊ ಗಿಟಾರ್‌ಗಳಿಗೆ ದಕ್ಷಿಣ ಅಮೆರಿಕದ ಪಾವ್ ಫೆರೊ ಮರ ಹಾಕಿತು. 2019ರ ಕೊನೆಗೆ, ಬ್ರೆಜಿಲ್‌ನ ಬೀಟೆಯದ್ದು ಬಿಟ್ಟು, ಪೂರ್ತಿ ತಯಾರಾದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು, ಆದರೆ ಅಷ್ಟರಲ್ಲಿ ಹೊಸ ಮರಗಳು ಅಭ್ಯಾಸ ಆಗಿಬಿಟ್ಟಿದ್ದವು. ಇದೆಲ್ಲ ದೇಶದಿಂದ ದೇಶಕ್ಕೆ ಸಾಗಿಸುವಾಗಿನ ಮಾತು. ಇಲ್ಲೇ ಬೀಟೆ ಕೊಂಡರೆ ಬಿಲ್ ಕೇಳಿ, ಅರಣ್ಯ ಇಲಾಖೆಯ ಪಾಸ್ ಇಲ್ಲದ ಮಾಲು ಮುಟ್ಟಬೇಡಿ.

ಪಾವ್ ಫೆರೊ ಚೆನ್ನಾಗೇ ಇದೆ, ನುಣುಪು ಜಾಸ್ತಿ, ಆದರೆ ಅದರ ಧೂಳು ಕೆಲವರ ಚರ್ಮಕ್ಕೆ ಆಗಲ್ಲ, ಕೆರೆತ ಬರುತ್ತೆ. ವೆಂಗೆ ಅಂತ ಆಫ್ರಿಕದ ಕಪ್ಪುಕಂದು ಮರ ಇದೆ, ಬೇಸ್ ಗಿಟಾರ್‌ನವರಿಗೆ ಇಷ್ಟ, ನನಗೆ ಅದರ ಸಿಬಿರು ಕಂಡರೆ ಆಗಲ್ಲ. ತಮಿಳರು 'ವೇಂಗೈ' ಅನ್ನೋದು ಇದಲ್ಲ, ಅದು ನಮ್ಮ ಹೊನ್ನೆ. ಹೊನ್ನೆಯನ್ನು ಫಿಂಗರ್‌ಬೋರ್ಡ್‌ಗೆ ಹಾಕಲೇಬೇಡಿ. ಸಕ್ಕರೆ ಕಾಯಿಲೆಗೆ ಅಂತ ಹೊನ್ನೆ ಲೋಟ ಮಾರ್ತಾರಲ್ಲ, ನೀರು ಹಾಕಿದರೆ ಬಣ್ಣ ಬಿಡುತ್ತೆ, ಇನ್ನು ಬೆವರಿನ ಬೆರಳು ದಿನಾ ಉಜ್ಜಿದರೆ ಏನಾಗಬೇಡ! ತೇಗ ಮೆದು. ಹಲಸಿನಲ್ಲಿ ವೀಣೆ ಮಾಡ್ತಾರೆ ಅಂತ ಯಾರೋ ಹೇಳಬಹುದು, ಆದರೆ ವೀಣೆಯ ಮೆಟ್ಟಿಲು ಕೂರೋದು ಮೇಣದ ಮೇಲೆ, ಬೆರಳು ಮರಕ್ಕೆ ತಾಗೋದೇ ಇಲ್ಲ. ಆ ಲೆಕ್ಕ ಇಲ್ಲಿಗೆ ಬರಲ್ಲ.

ಕಪ್ಪೇ ಬೇಕು ಅನ್ನೋ ಹಟ ಬಿಡಿ. ಆ ಹಟದಲ್ಲಿ ನಾನು ಒಮ್ಮೆ 'ಎಬೊನಿ' ಅಂತ ಒಂದು ಹಲಗೆ ಆನ್‌ಲೈನ್‌ನಲ್ಲಿ ತರಿಸಿದೆ. ಕಾಡಿಗೆ ಹಾಗೆ ಕಪ್ಪು. ಬಿಳಿ ಬಟ್ಟೆಗೆ ಸ್ಪಿರಿಟ್ ಹಾಕಿ ಒರೆಸಿದೆ, ಬಟ್ಟೆ ಕಪ್ಪಾಯ್ತು. ತುದಿ ಕೊಯ್ದು ನೋಡಿದರೆ ಒಳಗೆ ಬೆಲ್ಲದ ಬಣ್ಣ. ಕೊಟ್ಟವನು ಫೋನ್ ಎತ್ತಲಿಲ್ಲ. ನಿಜವಾದ ಎಬೊನಿಯಲ್ಲೂ ಕಂದು ಗೆರೆ ಸಾಮಾನ್ಯ, ಅದರಿಂದ ಮರ ಕಳಪೆ ಆಗಲ್ಲ.

ಸೌಂಡ್ ವಿಷಯ: 6 ಮಿಲಿಮೀಟರ್ ದಪ್ಪದ ಪಟ್ಟಿ ಅದು. ಬೀಟೆಗೂ ಮತ್ತಿಗೂ ಇರೋ ವ್ಯತ್ಯಾಸ ನನ್ನ ಕಿವಿಗೆ ಗೊತ್ತಾಗಿಲ್ಲ, ತಂತಿ ಬದಲಿಸಿದರೆ ಅದಕ್ಕಿಂತ ಜಾಸ್ತಿ ಗೊತ್ತಾಗುತ್ತೆ. ಮರ ಒಣಗಿದೆಯಾ ಅನ್ನೋದೇ ಮುಖ್ಯ. ನನ್ನ ಮೊದಲ ಮತ್ತಿ ಬೋರ್ಡ್ ಜುಲೈ ತಿಂಗಳ ಮಳೆಯಲ್ಲಿ ಅಂಟಿಸಿದ್ದು. ಫೆಬ್ರವರಿ ಹೊತ್ತಿಗೆ ಮರ ಕುಗ್ಗಿ, ಫ್ರೆಟ್‌ಗಳ (ಬೋರ್ಡ್‌ಗೆ ಅಡ್ಡ ಕೂರಿಸೋ ಲೋಹದ ಪಟ್ಟಿಗಳ) ತುದಿಗಳು ಎರಡೂ ಕಡೆ ಹೊರಗೆ ಬಂದು, ಕೈ ಜಾರಿಸಿದರೆ ಗರಗಸದ ಮೇಲೆ ಸವರಿದ ಹಾಗೆ. ಎಲ್ಲ ಅರ ಹಾಕಿ ಉಜ್ಜಬೇಕಾಯ್ತು. ಈಗ ಹಲಗೆ ತಂದರೆ ಅಡುಗೆಮನೆ ತಕ್ಕಡಿಯಲ್ಲಿ ವಾರಕ್ಕೊಮ್ಮೆ ತೂಗಿ, ಪೆನ್ಸಿಲ್‌ನಲ್ಲಿ ಅದರ ಮೇಲೇ ಗ್ರಾಂ ಬರೀತೀನಿ. ಮೂರು ನಾಲ್ಕು ವಾರ ತೂಕ ಕದಲದಿದ್ದರೆ ಮಾತ್ರ ಗರಗಸ.

ಆರಿಸುವಾಗ ಬರೀ ಚೇಗು ನೋಡಿ, ಅಂಚಿನ ಬಿಳಿ ಭಾಗ ಬೇಡ. ಎಳೆ ನೇರವಾಗಿರಲಿ. ಅಲೆ ಅಲೆ ಎಳೆ ನೋಡೋಕೆ ಚಂದ, ಕೀಸುಳಿ ಹಾಕಿದಾಗ ಚಕ್ಕೆ ಏಳುತ್ತೆ. ಮತ್ತಿ ಕೀಸುಳಿಯ ಬಾಯಿಯನ್ನೂ ಬೇಗ ಮೊಂಡು ಮಾಡುತ್ತೆ, ಸಾಣೆ ಕಲ್ಲು ಪಕ್ಕದಲ್ಲೇ ಇಟ್ಟುಕೊಳ್ಳಿ. ಮರದೊಳಗೆ ಇಳಿಯೋ ಫ್ರೆಟ್ ಕಾಲು ಸುಮಾರು 0.5 ಮಿ.ಮೀ., ಅದಕ್ಕಿಂತ ಕೂದಲಷ್ಟು ಹೆಚ್ಚು ಅಗಲದ ಸೀಳು ಸಾಕು. ಮೆದು ಮರದ ಹಾಗೆ ಬಿಗಿ ಸೀಳಿಗೆ ಸುತ್ತಿಗೆಯಲ್ಲಿ ಬಡಿದು ಕೂರಿಸೋಕೆ ಹೋದರೆ ಇದು ಬಗ್ಗಲ್ಲ, ಗಿಟಾರಿನ ಕತ್ತೇ (ನೆಕ್) ಹಿಂದಕ್ಕೆ ಬಾಗುತ್ತೆ. ಸೀಳಿನ ಬಾಯನ್ನು ಮೂರು ಮೂಲೆ ಅರದಿಂದ ಒಂದೇ ಸಲ ಸವರಿ, ಆಮೇಲೆ ಹೊಡೆಯಿರಿ.

ಹಲಗೆ ಎರಡು ತನ್ನಿ. ನನ್ನದೊಂದು ಹಲಗೆ ಹನ್ನೆರಡನೇ ಸೀಳಿನ ಹತ್ತಿರ ಅಳತೆ ತಪ್ಪಿ, ಈಗ ಮನೆಯಲ್ಲಿ ಬಾಗಿಲಿಗೆ ಅಡ್ಡ ಇಡೋ ತುಂಡಾಗಿದೆ.