ಜನವರಿ 4ರ ಟೋಕಿಯೊ ಕುಸ್ತಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ತಂದೆಯವರು ಹಾಸನದ ಗರಡಿಯೊಂದರಲ್ಲಿ ಸಾಮು ಮಾಡಿದವರು. ನಾನೂ ಚಿಕ್ಕಂದಿನಲ್ಲಿ ಅವರೊಂದಿಗೆ ಜಾತ್ರೆಗಳ ನಾಡಕುಸ್ತಿ ನೋಡಿ ಬೆಳೆದೆ. ಈಗ ಕಾಲೇಜಿನಲ್ಲಿ ಓದುತ್ತಿರುವ ಮೊಮ್ಮಗ ಪ್ರತಿ ವರ್ಷ ಜನವರಿ 4ರ ಮಧ್ಯಾಹ್ನ ಊಟವನ್ನೂ ಮರೆತು ಮೊಬೈಲಿನಲ್ಲಿ ಜಪಾನಿನ ‘ರೆಸಲ್ ಕಿಂಗ್‌ಡಮ್’ ನೋಡುತ್ತಾನೆ. ಗೆಲ್ಲುವವರು ಯಾರೆಂಬುದು ಮೊದಲೇ ನಿರ್ಧಾರವಾಗಿರುತ್ತದೆ ಎಂದು ಅವನೇ ಹೇಳುತ್ತಾನೆ, ಆದರೂ ನೋಡುತ್ತಾ ಕಣ್ಣೊರೆಸಿಕೊಳ್ಳುತ್ತಾನೆ. ಇದನ್ನು ಕುಸ್ತಿ ಎನ್ನಬಹುದೇ? ಅಳುವಂಥದ್ದು ಇದರಲ್ಲಿ ಏನಿದೆ?
– ನಿವೃತ್ತ ಶಿಕ್ಷಕರೊಬ್ಬರು, ಹಾಸನ

ಉತ್ತರ: ತಮ್ಮ ಮೊಮ್ಮಗ ಹೇಳಿದ್ದು ನಿಜ. ನ್ಯೂ ಜಪಾನ್ ಪ್ರೊ-ರೆಸ್ಲಿಂಗ್ ಸಂಸ್ಥೆಯು 1992ರಿಂದ ಪ್ರತಿ ಜನವರಿ 4ರಂದು ಟೋಕಿಯೊ ಡೋಮ್ ಕ್ರೀಡಾಂಗಣದಲ್ಲಿ ನಡೆಸುತ್ತ ಬಂದಿರುವ, 2007ರಲ್ಲಿ ‘ರೆಸಲ್ ಕಿಂಗ್‌ಡಮ್’ ಎಂಬ ಹೆಸರು ಪಡೆದ ಈ ಪ್ರದರ್ಶನದಲ್ಲಿ ಸೋಲು ಗೆಲುವುಗಳು ಮೊದಲೇ ತೀರ್ಮಾನವಾಗಿರುತ್ತವೆ. ನಮ್ಮಲ್ಲಿ ಹಿರಿಯರು ಕುಳಿತು ಜೋಡಿ ಕಟ್ಟುತ್ತಾರೆ, ಚಿತ್ ಆಗುವವರು ಯಾರೆಂಬುದನ್ನು ಮಾತ್ರ ಅಖಾಡದ ಮಣ್ಣೇ ಹೇಳಬೇಕು. ಅಲ್ಲಿ ಜೋಡಿಯೊಂದಿಗೆ ಅದನ್ನೂ ಕಟ್ಟಿಬಿಟ್ಟಿರುತ್ತಾರೆ. ಆದ್ದರಿಂದ ತಮ್ಮ ತಂದೆಯವರ ಅರ್ಥದಲ್ಲಿ ಅದು ಕುಸ್ತಿಯಲ್ಲ. ಇದನ್ನು ಯಕ್ಷಗಾನಕ್ಕೆ ಹೋಲಿಸುವುದುಂಟು, ಆದರೆ ಆ ಹೋಲಿಕೆ ನನಗೆ ಪೂರ್ತಿ ಒಪ್ಪಿಗೆಯಾಗಿಲ್ಲ. ದುರ್ಯೋಧನ ತೊಡೆ ಮುರಿದು ಬೀಳುತ್ತಾನೆಂಬುದು ಆಟ ನೋಡಲು ಬಂದ ಮಗುವಿಗೂ ಗೊತ್ತು. ಟೋಕಿಯೊದಲ್ಲಿ ಅದು ಆಡುವವರಿಗಷ್ಟೇ ಗೊತ್ತು.

ಅಳುವಿನ ಕಾರಣ ತಿಳಿಯಬೇಕಾದರೆ ತೆತ್ಸುಯಾ ನಾಯ್ತೊ ಎಂಬವರ ಕಥೆಯನ್ನು ಕೇಳಬೇಕು. ಜುಲೈ-ಆಗಸ್ಟ್ ಹೊತ್ತಿಗೆ ನಡೆಯುವ ಜಿ-ಒನ್ ಕ್ಲೈಮ್ಯಾಕ್ಸ್ ಪಂದ್ಯಾವಳಿಯನ್ನು 2013ರಲ್ಲಿ ಗೆದ್ದ ಅವರಿಗೆ, 2014ರ ಜನವರಿ 4ರಂದು ಚಾಂಪಿಯನ್ ಕಜುಚಿಕ ಒಕಾಡ ಅವರ ಎದುರು ನಿಲ್ಲುವ ಹಕ್ಕು ದೊರೆಯಿತು. ದಿನದ ಕೊನೆಯ ಪಂದ್ಯವೇ ಎಲ್ಲಕ್ಕಿಂತ ದೊಡ್ಡ ಗೌರವ, ಪ್ರಧಾನ ಚಾಂಪಿಯನ್‌ಗೆ ಸಾಮಾನ್ಯವಾಗಿ ಸಲ್ಲುವಂಥದ್ದು. ಆದರೆ ಆ ವರ್ಷ ಸಂಸ್ಥೆಯು ಅದನ್ನು ಅಭಿಮಾನಿಗಳ ಮತಕ್ಕೆ ಬಿಟ್ಟಿತು. ಮತ ಹಾಕಿದವರು ನಾಯ್ತೊ ಅವರ ಪಂದ್ಯವನ್ನು ಬದಿಗಿಟ್ಟು, ಶಿನ್‌ಸುಕೆ ನಾಕಾಮುರಾ ಮತ್ತು ಹಿರೋಶಿ ತಾನಾಹಾಶಿ ಅವರ ನಡುವಿನ, ಎರಡನೆಯ ದರ್ಜೆಯ ಪಟ್ಟಕ್ಕಾಗಿ ನಡೆಯುವ ಪಂದ್ಯವನ್ನು ಕೊನೆಯ ಸ್ಥಾನಕ್ಕೆ ಆರಿಸಿದರು. ಆ ದಿನ ಒಕಾಡ ಗೆದ್ದರು. ಅಂದಿನ ಸೋಲನ್ನು ಯಾರೋ ಮೊದಲೇ ಬರೆದಿಟ್ಟಿದ್ದರು ಎನ್ನೋಣ. ‘ನೀನು ನಮಗೆ ಬೇಡ’ ಎಂದು ಜನ ಹೇಳಿದ್ದನ್ನು ಯಾರೂ ಬರೆದಿಟ್ಟಿರಲಿಲ್ಲ.

2015ರಲ್ಲಿ ಮೆಕ್ಸಿಕೊಗೆ ಹೋಗಿ ಬಂದ ನಾಯ್ತೊ, ಎಲ್ಲರನ್ನೂ ಎಲ್ಲವನ್ನೂ ಅಸಡ್ಡೆಯಿಂದ ಕಾಣುವ ಹೊಸ ಮನುಷ್ಯನಾಗಿ ರಿಂಗಿಗೆ ಇಳಿದರು. ತಿರಸ್ಕರಿಸಿದ್ದ ಜನರೇ ಅವರ ಹಿಂದೆ ಬಿದ್ದರು. 2018ರಲ್ಲಿ ಕೊನೆಗೂ ಡೋಮಿನ ಕೊನೆಯ ಪಂದ್ಯ ಸಿಕ್ಕಿತು, ಎದುರಾಳಿ ಮತ್ತೆ ಒಕಾಡ, ಮತ್ತೆ ಸೋಲು. 2020ರಲ್ಲಿ ಮೊದಲ ಬಾರಿಗೆ ಪ್ರದರ್ಶನವು ಜನವರಿ 4 ಮತ್ತು 5ರಂದು ಎರಡು ದಿನ ನಡೆದಾಗ, ಎರಡನೆಯ ದಿನ ಅದೇ ಒಕಾಡ ಅವರನ್ನು ಸೋಲಿಸಿ, ಆರು ವರ್ಷದ ಹಿಂದೆ ತಮ್ಮನ್ನು ಹಿಂದಕ್ಕೆ ತಳ್ಳಿದ್ದ ಪಟ್ಟ ಮತ್ತು ಪ್ರಧಾನ ಪಟ್ಟ ಎರಡನ್ನೂ ಒಟ್ಟಿಗೆ ಧರಿಸಿದ ಮೊದಲಿಗರಾದರು. ಆ ಆರು ವರ್ಷ ಜೊತೆಯಲ್ಲಿ ನಡೆದವನ ಕಣ್ಣು ತುಂಬಿದರೆ ನನಗಂತೂ ಆಶ್ಚರ್ಯವಾಗುವುದಿಲ್ಲ.

ಫಲಿತಾಂಶ ನಿಶ್ಚಯವಾಗಿದ್ದರೂ ಪೆಟ್ಟು ಸುಳ್ಳಲ್ಲ ಎಂಬುದನ್ನೂ ಹೇಳಲೇಬೇಕು. ಕತ್ಸುಯೊರಿ ಶಿಬಾತ 2017ರ ಏಪ್ರಿಲ್‌ನಲ್ಲಿ ಒಕಾಡ ಅವರೊಂದಿಗಿನ ಪಂದ್ಯದಲ್ಲಿ ತಲೆಯಿಂದ ತಲೆಗೆ ಡಿಕ್ಕಿ ಹೊಡೆದರು. ಪಂದ್ಯದ ಬಳಿಕ ಕುಸಿದರು, ಮೆದುಳಿನ ಬಳಿ ರಕ್ತ ಕಟ್ಟಿಕೊಂಡು ಶಸ್ತ್ರಚಿಕಿತ್ಸೆಯಾಯಿತು. ಅವರು ಮತ್ತೆ ಪೂರ್ಣ ಪಂದ್ಯಕ್ಕೆ ಇಳಿದದ್ದು 2022ರ ಜನವರಿ 4ರಂದು, ಇದೇ ಡೋಮಿನಲ್ಲಿ. ಅಂಥ ತಲೆಯ ಹೊಡೆತಗಳನ್ನು ಶೌರ್ಯವೆಂದು ಹೊಗಳುವವರೊಂದಿಗೆ ನಾನು ನಿಲ್ಲಲಾರೆ. ಬೇಡವಾದ ಅಪಾಯವನ್ನು ಕಲೆಯ ಹೆಸರಿನಲ್ಲಿ ಸಮರ್ಥಿಸಲು ಬರುವುದಿಲ್ಲ.

ತಮ್ಮ ತಂದೆಯವರಿಗೆ ಹತ್ತಿರವಾದ ಸಂಗತಿಯೊಂದಿದೆ. ಆಂಟೋನಿಯೊ ಇನೋಕಿ 1972ರಲ್ಲಿ ಈ ಸಂಸ್ಥೆಯನ್ನು ಕಟ್ಟಿದಾಗ ಅವರಿಗೆ ಗುರುವಿನಂತಿದ್ದವರು ಯೂರೋಪ್ ಮೂಲದ ಕಾರ್ಲ್ ಗಾಚ್. ಶಿಷ್ಯರಿಂದ ಅವರು ನೂರುಗಟ್ಟಲೆ ಮಾಡಿಸುತ್ತಿದ್ದದ್ದು ನಮ್ಮ ಗರಡಿಗಳ ಬಸ್ಕಿ ಮತ್ತು ದಂಡಗಳನ್ನೇ. ಬಸ್ಕಿಗೆ ಜಪಾನಿನಲ್ಲಿ ಇಂದಿಗೂ ‘ಹಿಂದೂ ಸ್ಕ್ವಾಟ್’ ಎಂದೇ ಹೆಸರು. ಹೊಸ ಹುಡುಗರು ಅಲ್ಲಿನ ತರಬೇತಿ ಶಾಲೆಯಲ್ಲೇ ವಾಸವಿದ್ದು, ಅಡುಗೆ ಮಾಡಿ, ನೆಲ ಗುಡಿಸಿ, ಸಾದಾ ಕಪ್ಪು ಚಡ್ಡಿಯಲ್ಲಿ ವರ್ಷಗಟ್ಟಲೆ ಸೋಲುತ್ತಾ ಕಲಿಯುತ್ತಾರೆ. ಮೊಮ್ಮಗನಿಗೆ ಈ ವಿಷಯ ತಿಳಿಸಿ, ಅಜ್ಜನ ತಂದೆ ದಿನಕ್ಕೆ ಎಷ್ಟು ಬಸ್ಕಿ ಹೊಡೆಯುತ್ತಿದ್ದರೆಂಬುದನ್ನೂ ಹೇಳಿ.

ಪ್ರಶ್ನೆ: ಅಮೆರಿಕದ ಡಬ್ಲ್ಯುಡಬ್ಲ್ಯುಇ ಮಾತ್ರ ನೋಡಿ ಗೊತ್ತಿರುವ ನಾನು ರೆಸಲ್ ಕಿಂಗ್‌ಡಮ್ ಅನ್ನು ಯಾವ ಪಂದ್ಯದಿಂದ ಆರಂಭಿಸಲಿ?
– ಓದುಗರೊಬ್ಬರು, ಚಿಕ್ಕಮಗಳೂರು

ಉತ್ತರ: 2017ರಲ್ಲಿ ಒಕಾಡ ಮತ್ತು ಕೆನಡಾದ ಕೆನ್ನಿ ಒಮೆಗಾ ನಡುವೆ ನಡೆದ ಪಂದ್ಯದಿಂದ. 46 ನಿಮಿಷಗಳನ್ನು ಮೀರಿದ ಆ ಪಂದ್ಯಕ್ಕೆ, ಐದು ನಕ್ಷತ್ರಗಳ ಮಾಪನದಲ್ಲಿ ಪಂದ್ಯಗಳನ್ನು ಅಳೆಯುವ ಅಮೆರಿಕದ ವಿಮರ್ಶಕ ಡೇವ್ ಮೆಲ್ಟ್ಜರ್ ಆರು ನಕ್ಷತ್ರಗಳನ್ನು ಕೊಟ್ಟರು. ಮೊದಲ ಇಪ್ಪತ್ತು ನಿಮಿಷ ನಿಧಾನವೆನಿಸಬಹುದು, ದಯವಿಟ್ಟು ಓಡಿಸಿ ನೋಡಬೇಡಿ. ಕೊನೆಯ ಹತ್ತು ನಿಮಿಷದಲ್ಲಿ ಇಬ್ಬರೂ ಏಳಲು ಪಡುವ ಕಷ್ಟದ ಬೆಲೆ ಆ ನಿಧಾನದಲ್ಲೇ ಕೂಡಿರುತ್ತದೆ. ರಿಂಗಿನಿಂದ ಹೊರಬಿದ್ದವರಿಗೆ ಅಮೆರಿಕದಲ್ಲಿ ಹತ್ತರವರೆಗೆ ಎಣಿಸಿದರೆ ಇಲ್ಲಿ ಇಪ್ಪತ್ತರವರೆಗೆ ಎಣಿಸುತ್ತಾರೆ ಎಂಬುದು ನೆನಪಿರಲಿ. ನೇರಪ್ರಸಾರ ನೋಡುವುದಾದರೆ ಟೋಕಿಯೊ ನಮಗಿಂತ ಮೂರೂವರೆ ಗಂಟೆ ಮುಂದಿದೆ. ಅಲ್ಲಿ ಸಂಜೆ ಐದಾದಾಗ ಚಿಕ್ಕಮಗಳೂರಿನಲ್ಲಿ ಮಧ್ಯಾಹ್ನ ಒಂದೂವರೆ.